ಮುಯ್ಯಿ ತೀರಿಸುವ ಹೆಂಗಸರು

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅರ್ಜಿ ಬರೆದುಕೊಡುತ್ತೇನೆ, ಟೈಪ್ ಮಾಡುತ್ತೇನೆ, ಕನ್ನಡದ್ದನ್ನು ಇಂಗ್ಲಿಷಿಗೂ ತಿರುಗಿಸಿಕೊಡುತ್ತೇನೆ. ಹೆಸರು ಮುನೀಂದ್ರ. ಇಪ್ಪತ್ತು ವರ್ಷದ ಅನುಭವ. ನನ್ನ ಇಂಗ್ಲಿಷಿನ ಮೇಲೆ ನನಗೆ ವಿಪರೀತ ಜಂಬವಿತ್ತು. ಇತ್ತು ಅಂತಲೇ ಹೇಳಬೇಕು, ಯಾಕೆಂದರೆ ಅದನ್ನು ನಾನು ಸಂಸತ್ತಿನ ಸದಸ್ಯರ ಎದುರಿಗೇ ಕಳೆದುಕೊಂಡು ಬಂದವನು.

ಎಲ್ಲಕ್ಕೂ ಮೂಲ ನಮ್ಮ ವರಲಕ್ಷ್ಮಮ್ಮ. ನಮ್ಮೂರಿನವರೇ, ದೂರದಿಂದ ನನಗೆ ಅತ್ತಿಗೆಯಾಗಬೇಕು. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಿರುಗಿಸಿ ಮುರುಗಿಸಿ ತಪ್ಪು ಹುಡುಕುವ ಕೆಲಸ. ಗಂಡ ರಾಮಾಂಜಿನಪ್ಪ ಒಂದೂವರೆ ಎಕರೆಯಲ್ಲಿ ರಾಗಿ, ಸೇವಂತಿಗೆ ಬೆಳೆಯುತ್ತಾನೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಹದಿನೆಂಟು ವರ್ಷ ಅತ್ತೆಮನೆಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿ, ಕೊನೆಗೂ ಈ ದಂಪತಿ ನಡುಮನೆ, ಎರಡು ಕೋಣೆ ಇರುವ ಸ್ವಂತ ಮನೆ ಎಬ್ಬಿಸಿದ್ದರು. ವೈಶಾಖದಲ್ಲಿ ಗೃಹಪ್ರವೇಶ ಅಂತ ನಿಶ್ಚಯವಾಗಿತ್ತು. ಅತ್ತಿಗೆಗೆ ಇದ್ದದ್ದು ಒಂದೇ ಆಸೆ.

"ಯಾರ ಮನೆ ಕಾರ್ಯಾನೂ ನಾನು ತಪ್ಪಿಸ್ಕೊಂಡಿಲ್ಲ ಮುನೀಂದ್ರ. ಶಿಫ್ಟ್ ಮುಗಿಸ್ಕೊಂಡು ಯೂನಿಫಾರ್ಮಲ್ಲೇ ಓಡೋಗಿದೀನಿ. ಅವತ್ತು ನನ್ನ ಮನೆ ತುಂಬ್ಬೇಕು ಅಷ್ಟೆ. ಇನ್ನೇನೂ ಬೇಡ."

ಮನೆ ತುಂಬುವುದು ನಮ್ಮ ಕಡೆ ಅಷ್ಟು ಸುಲಭದ ಮಾತಲ್ಲ. ಅದಕ್ಕೆ ಮುಯ್ಯಿ ಬೇಕು. ನಿಮ್ಮ ಮನೆಯ ಮದುವೆಗೆ ನಾನು ಐನೂರು ಹಾಕಿದರೆ, ನಮ್ಮ ಮನೆಯ ನಾಮಕರಣಕ್ಕೆ ನೀವು ಐನೂರ ಒಂದೋ ಆರುನೂರೋ ಹಾಕಬೇಕು. ಬಾಗಿಲ ಪಕ್ಕ ಮೇಜು ಹಾಕಿಕೊಂಡು ಒಬ್ಬ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೊಟ್ಟದ್ದನ್ನು ಹೀಗೆ ಹಿಂದಿರುಗಿಸುವುದೇ ಮುಯ್ಯಿ ತೀರಿಸುವುದು. ತೀರಿಸಬೇಕಾದವರು ಬರಿಗೈಯಲ್ಲಿ ಆ ಹೊಸಿಲು ತುಳಿಯುವುದಿಲ್ಲ. ಅದರ ಬದಲು ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲೇ ಹೊದ್ದು ಮಲಗುತ್ತಾರೆ.

ಇಂಥ ಊರಿಗೆ ಬೈಲಪ್ಪ ಒಂದು ದಿನ ಪೇಪರು ಹಿಡಿದುಕೊಂಡು ಬಂದ. ಬೈಲಪ್ಪ ಎಂದರೆ ಊರಿನ ಕಾನೂನು ಪಂಡಿತ. ಓದಿದ್ದು ಎಸೆಸೆಲ್ಸಿ, ಅದೂ ಮೂರು ಕಂತಿನಲ್ಲಿ. ಜನರ ದುಡ್ಡು ಬಾಚಿಕೊಂಡು ಓಡಿಹೋಗುವ ಕಂಪನಿಗಳನ್ನು ಹಿಡಿಯಲು ಕೇಂದ್ರ ಸರ್ಕಾರ ಹೊಸ ಮಸೂದೆ ತಂದಿತ್ತು. ಪರವಾನಗಿ ಇಲ್ಲದೆ ಜನರಿಂದ ಹಣ ಪಡೆದು, ಮುಂದೆ ಹೆಚ್ಚಿಗೆ ಸೇರಿಸಿ ಕೊಡುತ್ತೇನೆ ಎಂದು ಒಪ್ಪುವವರಿಗೆ ಮೂರು ವರ್ಷ ಜೈಲು ಎಂದು ಅದರಲ್ಲಿತ್ತು.

"ಮುಯ್ಯಿ ಅಂದ್ರೆ ಇನ್ನೇನ್ರಪ್ಪಾ? ಐನೂರು ಇಸ್ಕೊಂಡು ಆರುನೂರು ಕೊಡೋದು. ಪುಸ್ತಕ ಬೇರೆ ಇಡ್ತೀರ, ಸಾಕ್ಷಿ ನೀವೇ ಬರ್ದಿಟ್ಟಂಗಾಯ್ತು" ಎಂದು ಬೈಲಪ್ಪ ಟೀ ಅಂಗಡಿಯಲ್ಲಿ ಸಾರಿದ.

ಮಸೂದೆ ಇನ್ನೂ ಕಾನೂನಾಗಿರಲಿಲ್ಲ. ಹೆದರಿಕೆಗೆ ಅದೆಲ್ಲ ಯಾಕೆ ಬೇಕು? ಮುಂದಿನ ವಾರ ನಮ್ಮೂರ ರುಕ್ಮಿಣಮ್ಮನ ಮೊಮ್ಮಗನ ನಾಮಕರಣ. ಮೇಜಿಲ್ಲ, ಪುಸ್ತಕವಿಲ್ಲ. ಮುನ್ನೂರು ಜನಕ್ಕೆ ಅಡುಗೆಯಾಗಿತ್ತು, ಬಂದವರು ಮೂವತ್ತು. ಮಿಕ್ಕ ಪಾಯಸವನ್ನು ಸಂಜೆ ಬಕೆಟ್ಟಿನಲ್ಲಿ ಹೊತ್ತು ಬೀದಿ ಬೀದಿ ಹಂಚುತ್ತಿದ್ದ ರುಕ್ಮಿಣಮ್ಮನ ಮುಖ ನೋಡಿ ಅತ್ತಿಗೆ ರಾತ್ರಿ ಊಟ ಮಾಡಲಿಲ್ಲವಂತೆ. ಮಾರನೆಯ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕುಳಿತರು.

"ಆ ಕಾನೂನು ಮಾಡೋರ್ಗೆ ಒಂದು ಕಾಗ್ದ ಬರೀಬೇಕು ಕಣಪ್ಪ."

ನಾನು ನಕ್ಕುಬಿಟ್ಟೆ. ಆದರೆ ಹುಡುಕಿದರೆ ದಾರಿ ನಿಜವಾಗಿಯೂ ಇತ್ತು. ಮಸೂದೆಯನ್ನು ಸಂಸತ್ತಿನ ಒಂದು ಸಮಿತಿಗೆ ಪರಿಶೀಲನೆಗೆ ಒಪ್ಪಿಸಿದ್ದರು. ಸಾರ್ವಜನಿಕರು ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು, ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಅತ್ತಿಗೆ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ:

'ನಮ್ಮೂರಿನ ಹೆಂಗಸರಾದ ನಾವು ತಲೆತಲಾಂತರದಿಂದ ಒಬ್ಬರಿಗೊಬ್ಬರು ಮುಯ್ಯಿ ತೀರಿಸುತ್ತ ಬಂದಿದ್ದೇವೆ. ಕದ್ದುಮುಚ್ಚಿ ಅಲ್ಲ, ಮದುವೆ ನಾಮಕರಣಗಳಲ್ಲಿ ಎಲ್ಲರ ಎದುರಿಗೇ ತೀರಿಸುತ್ತೇವೆ. ಯಾರಿಗೆ ತೀರಿಸಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ತೀರಿಸುವಾಗ ಸ್ವಲ್ಪ ಹೆಚ್ಚಿಗೇ ತೀರಿಸುವುದು ನಮಗೆ ನಮ್ಮ ತಾಯಂದಿರು ಕಲಿಸಿದ ಮರ್ಯಾದೆ. ವೈಶಾಖದಲ್ಲಿ ನನ್ನ ಮನೆಯ ಗೃಹಪ್ರವೇಶವಿದೆ. ಎಲ್ಲರೂ ಬಂದು ನನಗೆ ಮುಯ್ಯಿ ತೀರಿಸಬೇಕೆಂದು ಆಸೆಯಿಂದ ಕಾದಿದ್ದೇನೆ. ದಯವಿಟ್ಟು ಇದನ್ನು ಅಪರಾಧ ಎನ್ನಬೇಡಿ.'

ಇದನ್ನು ಇಂಗ್ಲಿಷಿಗೆ ಇಳಿಸಲು ನನಗೆ ಇಪ್ಪತ್ತು ನಿಮಿಷ ಸಾಕಾಯಿತು. ಮುಯ್ಯಿ ಎಂಬಲ್ಲಿ ಮಾತ್ರ ಒಂದು ಕ್ಷಣ ತಡೆದೆ. ನಿಘಂಟು ತೆಗೆದೆ. ಸಿಕ್ಕಿದ ಮೊದಲ ಅರ್ಥವನ್ನು ಹಾಕಿದೆ. ಅಂಚೆಗೆ ಹಾಕಿ, ಮರೆತೆ.

ಜನವರಿಯಲ್ಲಿ ದೆಹಲಿಯಿಂದ ಫೋನು ಬಂತು. ಸಮಿತಿ ಬೆಂಗಳೂರಿನ ಕಡೆ ಬರುತ್ತಿದೆ, ದೇವನಹಳ್ಳಿಯಲ್ಲಿ ಏರ್‌ಪೋರ್ಟಿನ ಹತ್ತಿರದ ಹೋಟೆಲಿನಲ್ಲಿ ಸಭೆ, ಶ್ರೀಮತಿ ವರಲಕ್ಷ್ಮಮ್ಮನವರು ಬಂದು ಹೇಳಿಕೆ ಕೊಡಬೇಕು. ಬಂದ ಸಾವಿರದ ಚಿಲ್ಲರೆ ಕಾಗದಗಳಲ್ಲಿ ಅಧ್ಯಕ್ಷರು ತಾವೇ ಇದನ್ನು ಆರಿಸಿದ್ದಾರಂತೆ. ನನ್ನ ಇಂಗ್ಲಿಷಿನ ಮಹಿಮೆ ಎಂದು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದೆ. ಕೆಲವರಿಗೆ ಎರಡು ಸಲ ಹೇಳಿದೆ.

ಆ ದಿನ ಅತ್ತಿಗೆ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಹೋಟೆಲಿನ ಸಭಾಂಗಣದಲ್ಲಿ ಕೋಟು ಹಾಕಿದ ಬ್ಯಾಂಕಿನವರು, ಕಂಪನಿಯವರು, ವಕೀಲರು. ಉದ್ದನೆಯ ಮೇಜಿನ ಹಿಂದೆ ಹನ್ನೆರಡು ಜನ ಸಂಸದರು. ನಡುವೆ ಬಿಳಿಮೀಸೆಯ ಅಧ್ಯಕ್ಷರು, ಉತ್ತರದ ಯಾವುದೋ ರಾಜ್ಯದವರು. ಕನ್ನಡದಿಂದ ಇಂಗ್ಲಿಷಿಗೆ ಹೇಳಲು ರಾಜ್ಯ ಸರ್ಕಾರದಿಂದ ರಂಜಿತ ಎಂಬ ಅಧಿಕಾರಿಯನ್ನು ಕಳಿಸಿದ್ದರು. ನಾನು ಅತ್ತಿಗೆಯ ಹಿಂದಿನ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಅಧ್ಯಕ್ಷರು ಕಾಗದ ಎತ್ತಿಕೊಂಡು ಗಂಭೀರವಾಗಿ ಏನೋ ಕೇಳಿದರು. ರಂಜಿತ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದವರು ಹಾಗೆಯೇ ನಿಂತರು. ಕಾಗದ ಇಸಿದುಕೊಂಡು ಓದಿದರು. ಅವರ ಭುಜ ಅಲುಗತೊಡಗಿತು.

"ಅಮ್ಮಾ, ಸಾಹೇಬರು ಕೇಳ್ತಿದಾರೆ, ನಿಮ್ಮೂರಿನ ಹೆಂಗಸರು ತಲೆತಲಾಂತರದಿಂದ ಒಬ್ರ ಮೇಲೊಬ್ರು ಸೇಡು ತೀರಿಸ್ಕೊಳ್ತಾ ಇದೀರಂತೆ. ಅದೂ ಮದುವೆ ಮನೇಲಿ, ಎಲ್ರೆದುರಿಗೆ. ನಿಮ್ಮ ಗೃಹಪ್ರವೇಶಕ್ಕೆ ಎಲ್ರೂ ಬಂದು ನಿಮ್ಮ ಮೇಲೆ ಸೇಡು ತೀರಿಸ್ಕೊಳ್ಳಲಿ ಅಂತ ಆಸೆಯಿಂದ ಕಾಯ್ತಿದೀರಂತೆ. ಇದಕ್ಕೂ ಹಣಕಾಸಿನ ಮಸೂದೆಗೂ ಏನು ಸಂಬಂಧ ಅಂತ ಅವರಿಗೆ ಗೊತ್ತಾಗ್ತಿಲ್ಲ."

ಮುಯ್ಯಿಗೆ ಆ ಅರ್ಥವೂ ಇದೆ, ಯಾರಿಗೆ ಗೊತ್ತಿಲ್ಲ? ಮುಯ್ಯಿಗೆ ಮುಯ್ಯಿ ಅಂತ ನಾವೇ ಜಗಳದಲ್ಲಿ ಹೇಳುವುದಿಲ್ಲವೇ? ನಾನು ಕಾಗದದ ತುಂಬ 'ರಿವೆಂಜ್, ರಿವೆಂಜ್' ಎಂದು ಆರು ಕಡೆ ಬರೆದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮನಸ್ಸಿನಲ್ಲೇ ನಿಘಂಟನ್ನು ಬೈದೆ.

ಅತ್ತಿಗೆ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಕಾರ್ಖಾನೆಯಲ್ಲಿ ಗುಂಡಿ ತಪ್ಪಿದ ಅಂಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ರಂಜಿತ ನಗುತ್ತಲೇ ವಿಷಯ ಬಿಡಿಸಿ ಹೇಳಿದಾಗ ಮೇಜಿನ ಹಿಂದಿನ ಹನ್ನೆರಡೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ನಗು ಇಳಿದ ಮೇಲೆ ಕೋಟಿನವರಲ್ಲಿ ಒಬ್ಬ ಎದ್ದ. ಹೆಚ್ಚಿಗೆ ಕೊಡುವುದು ಎಂದರೆ ಅದು ಬಡ್ಡಿಯೇ, ಪುಸ್ತಕವಿದೆ ಎಂದರೆ ಅದು ಠೇವಣಿಯೇ, ಇದಕ್ಕೆ ವಿನಾಯಿತಿ ಕೊಟ್ಟರೆ ಕಳ್ಳ ಕಂಪನಿಗಳೂ ಇದೇ ಹೆಸರು ಇಟ್ಟುಕೊಂಡು ಬರುತ್ತವೆ ಎಂದ. ಮಾತು ತಪ್ಪೇನಲ್ಲ. ಸಭೆ ಗಂಭೀರವಾಯಿತು. ಅತ್ತಿಗೆಯ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು.

ಅಧ್ಯಕ್ಷರು ಕೇಳಿದರು: ಹಾಗಾದರೆ ಆ ಹೆಚ್ಚಿಗೆ ಯಾಕಮ್ಮಾ?

"ಸರಿಸಮ ಕೊಟ್ಬಿಟ್ರೆ ತೀರೋಯ್ತದಲ್ಲ ಸಾಮಿ" ಎಂದರು ಅತ್ತಿಗೆ.

ತೀರಲಿ ಎಂದೇ ಅಲ್ಲವೇ ಕೊಡುವುದು, ಎಂದರು ಅಧ್ಯಕ್ಷರು.

"ಅಯ್ಯೋ, ತೀರಬಾರ್ದು! ತೀರ್ಸ್ತೀವಿ ಅಂತ ಬಾಯಲ್ಲಿ ಹೇಳ್ತೀವಿ ಅಷ್ಟೆ. ಸರಿಸಮ ತಂದು ಮುಂದಿಟ್ಟ ಅಂದ್ರೆ ನಿನ್ನ ಸಾವಾಸ ಸಾಕು ಅಂತ ಅರ್ಥ. ನಾನು ಒಂದು ರುಪಾಯಿ ಜಾಸ್ತಿ ಹಾಕಿದ್ರೆ, ಆ ರುಪಾಯಿ ಅವಳ ಮನೇಲಿ ಉಳೀತದೆ. ಅದನ್ನ ವಾಪಸ್ ಕೊಡಾಕೆ ಅವಳು ನಮ್ಮನೇಗೆ ಬರ್ಲೇಬೇಕು. ಅವಳು ಇನ್ನೊಂದು ಜಾಸ್ತಿ ಹಾಕ್ತಾಳೆ. ನಾನು ಹೋಗ್ಲೇಬೇಕು. ಹಿಂಗೇ ನಮ್ಮತ್ತೆ ಕಾಲದಿಂದ ನಡೀತಿದೆ. ಅದು ಬಡ್ಡಿ ಅಲ್ಲ ಸಾಮಿ, ಮತ್ತೆ ಬಾ ಅನ್ನೋ ಮಾತು."

ರಂಜಿತ ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾನು ಒಂದೊಂದು ಪದವನ್ನೂ ಕಿವಿಗೊಟ್ಟು ಕೇಳಿದೆ. ಮುಯ್ಯಿ ಎಂಬಲ್ಲಿ ಅವರು ಮುಯ್ಯಿ ಎಂದೇ ಹೇಳಿದರು. ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ.

ಕೊಡಲಾಗದವರು ಏನು ಮಾಡುತ್ತಾರೆ ಎಂದು ಸದಸ್ಯೆಯೊಬ್ಬರು ಕೇಳಿದರು.

"ನಮ್ಮೂರ ರುಕ್ಮಿಣಮ್ಮ ತನ್ನ ಗಂಡ ಆಸ್ಪತ್ರೇಲಿದ್ದಾಗ ಒಂದು ಮದ್ವೇಗೆ ಒಂದು ಸೇರು ಅಕ್ಕಿ, ಎಲೆ ಅಡಿಕೆ ತಂದ್ಲು. ಒಂದು ಸೇರು ಅಕ್ಕಿ ಅಂತ್ಲೇ ಬರ್ಕೊಂಡ್ರು. ಯಾರೂ ಏನೂ ಅನ್ನಲ್ಲ."

ಏನೂ ಕೊಡದೆ ಕೈ ಎತ್ತಿದವರು ಎಷ್ಟು ಜನ ಎಂದ ಕೋಟಿನವನು. ಅತ್ತಿಗೆ ಬೆರಳು ಮಡಿಸಿ ಯೋಚಿಸಿದರು.

"ಒಬ್ನೇ ಸಾಮಿ. ಬೈಲಪ್ಪ ಅಂತ. ಅವನೇ ಈ ಕಾನೂನು ಬತ್ತದೆ ಅಂತ ಊರ್ಗೆಲ್ಲ ಹೇಳಿದ್ದು."

ಎರಡನೆಯ ಸಲ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅಲ್ಲಿಯವರೆಗೆ ನನಗೂ ಆ ಗುಟ್ಟು ಹೊಳೆದಿರಲಿಲ್ಲ.

ಊಟ ಹಾಕಿ ಕಳಿಸಿದರು. ಆದರೆ ಏನು ಮಾಡುತ್ತೇವೆ ಎಂದು ಯಾರೂ ಹೇಳಲಿಲ್ಲ. ಫೆಬ್ರವರಿ ಕಳೆಯಿತು, ಮಾರ್ಚ್ ಕಳೆಯಿತು. ಅತ್ತಿಗೆ ಲಗ್ನಪತ್ರಿಕೆಯ ಅಂಗಡಿಯಲ್ಲಿ ಇನ್ನೂರು ಆಹ್ವಾನ ಪತ್ರಿಕೆ ಮಾಡಿಸಿ ಮನೆ ಮನೆಗೆ ಹೋಗಿ ಕುಂಕುಮ ಇಟ್ಟು ಬಂದರು. ಎಲ್ಲರೂ "ನೋಡ್ತೀವಿ ಅಕ್ಕ" ಎಂದರು. ನಮ್ಮ ಕಡೆ ನೋಡ್ತೀವಿ ಎಂದರೆ ಬರುವುದಿಲ್ಲ ಎಂದು. ಒಂದು ಸಂಜೆ ನಾನು ಅವರ ಮನೆಗೆ ಹೋಗಿದ್ದಾಗ, ಅಡುಗೆಯವನಿಗೆ ಎಷ್ಟು ಜನಕ್ಕೆ ಹೇಳುವುದು ಎಂದು ಕೇಳಲು ಬಂದ ರಾಮಾಂಜಿನಪ್ಪ, "ಐವತ್ತಕ್ಕೆ ಹೇಳ್ಬಿಡ್ಲಾ?" ಎಂದ. ಅತ್ತಿಗೆ ಎದ್ದು ಒಳಗೆ ಹೋದರು. ನಾನು ನೆಟ್ಟಗೆ ಬರೆದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಆಗುತ್ತಿತ್ತೇನೋ ಎಂದು ಕೊರಗಿದೆ. ದಿನಕ್ಕೆ ನಾಲ್ಕು ಸಲ ಸಂಸತ್ತಿನ ವೆಬ್‌ಸೈಟ್ ತೆಗೆದು ನೋಡುವುದೇ ನನ್ನ ಸಂಧ್ಯಾವಂದನೆಯಾಯಿತು.

ಗೃಹಪ್ರವೇಶಕ್ಕೆ ಹನ್ನೊಂದು ದಿನ ಇದೆ ಎನ್ನುವಾಗ ವರದಿ ಬಂತು. ಇನ್ನೂರ ಹದಿನಾಲ್ಕು ಪುಟ. ನೂರ ಮೂವತ್ತೊಂದನೆಯ ಪುಟದಲ್ಲಿ ಅದಿತ್ತು. ಅಂಗಡಿ ಬಾಗಿಲು ಎಳೆದು, ಗಾಡಿ ಹತ್ತಿ ಊರಿಗೆ ಹೋದೆ. ಶಿಫ್ಟಿನ ಬಸ್ಸು ಬರುವ ಹೊತ್ತು. ಅರಳಿಕಟ್ಟೆಯ ಬಳಿ ಇಳಿದ ಹೆಂಗಸರನ್ನೆಲ್ಲ ಅಡ್ಡಗಟ್ಟಿ ನಿಲ್ಲಿಸಿಕೊಂಡು ಓದಿದೆ. ಈ ಸಲ ಒಂದೊಂದು ಪದಕ್ಕೂ ಮೂರು ಸಲ ಯೋಚಿಸಿ ಕನ್ನಡ ಮಾಡಿಕೊಂಡಿದ್ದೆ:

'ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಬ್ಬ ಸಾಕ್ಷಿ, ಮುಯ್ಯಿ ಎಂಬ ಪದ್ಧತಿಯನ್ನು ಸಮಿತಿಗೆ ವಿವರಿಸಿದರು. ಇದರಲ್ಲಿ ಹೆಚ್ಚಿಗೆ ಕೊಡುವ ಮೊತ್ತ ಲಾಭವಲ್ಲ, ಸಂಬಂಧದ ಮುಂದುವರಿಕೆ ಎಂದು ಸಮಿತಿ ಮನಗಂಡಿದೆ. ಇಂಥ ಕೊಡುಕೊಳ್ಳುವಿಕೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಮಸೂದೆಯಲ್ಲೇ ಸ್ಪಷ್ಟವಾಗಿ ಸೇರಿಸಬೇಕೆಂದು ಶಿಫಾರಸು ಮಾಡುತ್ತದೆ.'

"ಶಿಫಾರಸು ಅಷ್ಟೇ ಗುರು, ಸರ್ಕಾರ ಒಪ್ಬೇಕಲ್ಲ?" ಎಂದ ಬೈಲಪ್ಪ ಹಿಂದಿನಿಂದ.

ಅದು ನಿಜ. ನಾನು ಸುಳ್ಳು ಹೇಳಲಿಲ್ಲ. ಒಪ್ಪಬಹುದು, ಒಪ್ಪದೆಯೂ ಇರಬಹುದು ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಪಿನಲ್ಲಿದ್ದ ರುಕ್ಮಿಣಮ್ಮ ಮುಂದೆ ಬಂದು, "ಆ ದೊಡ್ಡೋರ್ಗೇ ಅರ್ಥ ಆಯ್ತಲ್ಲ, ಸಾಕು ಬಿಡು. ನಾನಂತೂ ಹೋಗಿ ಬರೆಸ್ತೀನಿ. ಜೈಲಾದ್ರೆ ಎಲ್ರೂ ಒಟ್ಟಿಗೇ ಹೋಗಾಣ, ಅಲ್ಲೂ ನಾವೇ ಅಡಿಗೆ ಮಾಡ್ಕೊಂಡ್ರಾಯ್ತು" ಎಂದಳು.

ರಾಮಾಂಜಿನಪ್ಪ ಆ ಸಂಜೆಯೇ ಅಡುಗೆಯವನಿಗೆ ಫೋನು ಮಾಡಿ ಮುನ್ನೂರು ಜನಕ್ಕೆ ಎಂದ. ಸಾಲಲಿಲ್ಲ.

ಗೃಹಪ್ರವೇಶದ ದಿನ ಬಾಗಿಲ ಪಕ್ಕ ಮೇಜು ಹಾಕಿ ಬರೆಯಲು ನನ್ನನ್ನೇ ಕೂರಿಸಿದರು. ಹತ್ತು ಗಂಟೆಗೆ ಒಂದು ಪುಸ್ತಕ ಮುಗಿದು ಇನ್ನೊಂದು ತರಿಸಿದೆ. ದೇವನಹಳ್ಳಿ ಕಡೆಯ ವಿಜಯಪುರದಿಂದ ಅತ್ತಿಗೆಯ ತವರಿನವರು ಬಂದರು, ಕಾರ್ಖಾನೆಯ ಲೈನಿನವರೆಲ್ಲ ಯೂನಿಫಾರ್ಮಿನಲ್ಲೇ ಬಂದರು. ನಡುಮನೆ ತುಂಬಿತು, ಕೋಣೆಗಳು ತುಂಬಿದವು, ಅಡುಗೆಮನೆಯಲ್ಲಿ ಒಲೆಯ ಹತ್ತಿರವೂ ನಾಲ್ಕು ಜನ ನಿಂತಿದ್ದರು.

ಹಿತ್ತಲಿಗೆ ನೀರು ನೋಡಲು ಹೋಗಿದ್ದ ಅತ್ತಿಗೆ ಸುತ್ತು ಹಾಕಿಕೊಂಡು ಮುಂಬಾಗಿಲಿಗೆ ಬಂದರು. ಒಳಗೆ ಕಾಲಿಡಲು ನೋಡಿದರು. ಬಾಗಿಲಲ್ಲೇ ಜನ. ಎಡಕ್ಕೆ ಬಂದರು, ಬಲಕ್ಕೆ ಬಂದರು. ಯಾರೋ ಹಿಂದೆ ತಿರುಗದೆಯೇ, "ಇರ್ರೀ, ಜಾಗ ಇಲ್ಲ, ಆಮೇಲೆ ಬನ್ರಿ" ಎಂದು ಗದರಿದರು.

ಅತ್ತಿಗೆ ನನ್ನ ಮೇಜಿನ ಪಕ್ಕ ಬೀದಿಯಲ್ಲೇ ಕುಸಿದು ಕುಳಿತರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಕೇಳಿಸ್ಕೊಂಡ್ಯಾ ಮುನೀಂದ್ರ? ನನ್ ಮನೇಲಿ ನಂಗೇ ಜಾಗ ಇಲ್ವಂತೆ!"