ಹೊಸ್ತಿಲ ಮೇಲೊಂದು ಚಪ್ಪಲಿ

ಸಿಗ್ನಲ್ ಇನ್ನೂ ಕೆಂಪು, ಅಂಗಿಗೆಲ್ಲ ಹೊಗೆಯ ವಾಸನೆ, ಇರಲಿ, ಇವತ್ತು ಎರಿಕನಿಗೆ ಅದು ಅತ್ತರಿಗಿಂತ ಒಂದು ಕೈ ಮೇಲೆ, ನಾಳೆಯ ಪತ್ರಿಕೆಯ ಮೊದಲ ಪುಟ ಮಡಿಲ ಕ್ಯಾಮೆರಾದಲ್ಲಿದೆ, ಒಂದು ಫೋಟೊ ಆಫೀಸಿಗೆ ಕಳಿಸಿಯೂ ಆಯಿತು, ಸಿಳ್ಳೆ ತಾನಾಗಿ ಬರುತ್ತಿದೆ — ಬೆಂಕಿ ನಂದಿಸುವ ಬಂಡಿಗಿಂತ ಮೊದಲು ಕೊಲ್ಲಿ ನಾಡಿನ ಈ ಸಲ್ಮಾಬಾದ್ ತಲುಪುವುದು ಅವನ ಒಂದು ವಿದ್ಯೆ, ಇನ್ನೊಂದು ವಿದ್ಯೆ ಕೈಯಾಡಿಸುವುದು, ಇದ್ದದ್ದನ್ನು ಇದ್ದ ಹಾಗೆ ತೆಗೆದರೆ ಯಾರು ನೋಡುತ್ತಾರೆ, ನಜ್ಜುಗುಜ್ಜಾದ ಕಾರಿನ ಪಕ್ಕ ಒಂದು ಗೊಂಬೆ ಬೇಕು, ಸತ್ತವರಿಗೂ ಪೋಸ್ ಹೇಳಿಕೊಡುವ ಜನ ನೀವು ಅಂತ ಹೆಂಡತಿ ವಾಯೊಲೆಟ್ ಬೈದಾಗ ಅದನ್ನೂ ಹೊಗಳಿಕೆ ಅಂತಲೇ ತೆಗೆದುಕೊಂಡಿದ್ದ. ಇವತ್ತು ಕಾರ್ಮಿಕರ ಕ್ಯಾಂಪಿನ ಅಡುಗೆಕೋಣೆಗೆ ಬೆಂಕಿ, ಶುಕ್ರವಾರದ ರಜೆ, ಎಲ್ಲರೂ ಓಡಿ ಬಯಲಿಗೆ ಬಂದಾಗಿತ್ತು, ಯಾರಿಗೂ ಏನೂ ಆಗಿಲ್ಲ, ಹಾಗಾದರೆ ಫೋಟೊವೂ ಇಲ್ಲ, ಅಂಗಳದಲ್ಲಿ ಯಾರದೋ ನೀಲಿ ಹವಾಯಿ ಚಪ್ಪಲಿ ಬಿದ್ದಿತ್ತು, ಎತ್ತಿ ಹೊಸ್ತಿಲ ಮೇಲಿಟ್ಟ, ಹಿಂದೆ ಹೊಗೆ, ಮುಂದೆ ಚಪ್ಪಲಿ, ಆಹಾ — ಆದರೆ ಅಡುಗೆಯ ಮುಂಡಪ್ಪಣ್ಣನ ಕ್ರಮ ಇವನಿಗೆಲ್ಲಿ ಗೊತ್ತು, ಹೊಸ್ತಿಲ ಚಪ್ಪಲಿ ನೋಡಿಯೇ ಊಟಕ್ಕೆ ಎಷ್ಟು ಜನ ಅಂತ ಅಕ್ಕಿ ಹಾಕುವ ಮುದುಕ, ಯಾರದು ಯಾವ ಚಪ್ಪಲಿ ಅಂತ ಕಣ್ಣು ಮುಚ್ಚಿ ಹೇಳಿಯಾನು, ಇದು ನಮ್ಮ ಪ್ರವೀಣನ ಚಪ್ಪಲಿ, ಹುಡುಗ ಒಳಗೇ ಇದ್ದಾನೆ ಮಾರಾಯ್ರೆ ಅಂದವನೇ ಒದ್ದೆ ಬೈರಾಸು ತಲೆಗೆ ಸುತ್ತಿ ನುಗ್ಗಿಬಿಟ್ಟ. ನಾನೇ ಇಟ್ಟದ್ದು, ಎರಡೇ ಮಾತು, ಎರಿಕನ ನಾಲಿಗೆಯ ತುದಿಗೆ ಬಂದಿತ್ತು, ಬೆರಳು ಮೊದಲು ಹೋಯಿತು, ಕ್ಲಿಕ್, ಕ್ಲಿಕ್, ಹನ್ನೊಂದು ಸಲ.

ಆಮೇಲೆ — ದೇವರು ದೊಡ್ಡವನು — ಹಿತ್ತಲಲ್ಲಿ ಗ್ಯಾಸ್ ಸಿಲಿಂಡರ್ ಉರುಳಿಸುತ್ತಿದ್ದ ಪ್ರವೀಣ ಬರಿಗಾಲಲ್ಲಿ ಈಚೆ ಬಂದ, ಹೊಗೆಯೊಳಗಿಂದ ಮುದುಕನೂ ಬಂದ, ಹುಬ್ಬು ಸುಟ್ಟಿದೆ, ಅಂಗೈಯಲ್ಲಿ ಬೊಬ್ಬೆ, ಪ್ರವೀಣನನ್ನು ಕಂಡ, ನಕ್ಕ, ಅದೆಂಥ ನಗು, ಇಡೀ ಕ್ಯಾಂಪೇ ನಕ್ಕಿತು, ಎರಿಕನೂ ನಕ್ಕ, ಖುಷಿಗೆ ಕಣ್ಣಲ್ಲಿ ನೀರೂ ಬಂತು, ಅದು ಸುಳ್ಳಲ್ಲ, ಹೊರಡುವಾಗ ಮುದುಕ ಅದೇ ಬೊಬ್ಬೆಯ ಕೈಯಿಂದ ಇವನ ಕೈ ಹಿಡಿದು, ನನ್ನ ಹೆಂಡತಿ ಚಂದ್ರಾವತಿಗೊಂದು ಫೋಟೊ ಕಳಿಸಿ ಸಾರ್, ಗಂಡ ಹೇಗಿದ್ದಾನೆ ಅಂತ ಊರಲ್ಲಿ ಅವಳೂ ನೋಡ್ಲಿ, ನಿಮಗೆ ಪುಣ್ಯ ಬರ್ತದೆ ಅಂದ — ಪುಣ್ಯವಂತೆ. ಈಗ ಸಿಗ್ನಲಿನಲ್ಲೇ ಫೋನು, ಎಡಿಟರ್ ಮ್ಯಾಗ್ಡಲಿನ್ ಮೇಡಂ, ಭಾರಿ ಫೋಟೊ ಎರಿಕ್, ನಾಳೆ ಮೊದಲ ಪುಟ, ಆ ಚಪ್ಪಲಿ ಅಲ್ಲಿಗೆ ಹೇಗೆ ಬಂತು ಹೇಳಿ, ಅಡಿಬರಹ ಬರೀಬೇಕು. ನಾನೇ ಇಟ್ಟದ್ದು ಮೇಡಂ, ಅಂದುಬಿಟ್ಟ, ಎದೆ ಹಗುರಾಯಿತು, ಎಷ್ಟು ಸುಲಭವಿತ್ತು, ಆಗಲೂ ಇಷ್ಟೇ ಸುಲಭವಿತ್ತು — ಹಸಿರು ಬಂದಿದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಕ್ಯಾಮೆರಾದ ಪರದೆಯಲ್ಲಿ ಮುಂಡಪ್ಪಣ್ಣ ಸುಟ್ಟ ಕೈಯಲ್ಲಿ ನೀಲಿ ಚಪ್ಪಲಿ ಹಿಡಿದು ನಗುತ್ತಾ ಬಗ್ಗಿದ್ದಾನೆ, ಪ್ರವೀಣನ ಬರಿಗಾಲಿಗೆ ತೊಡಿಸಲು.