ಮಡಚಿಟ್ಟ ಸಾಲು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಗಂಟಲಿಲ್ಲ. ಗಾದೆ ಹೀಗಿಲ್ಲವೆಂದು ನನಗೂ ಗೊತ್ತು. ಕಾಲೇಜಿನ ಮೆಟ್ಟಿಲು ಹತ್ತಿ, ಬೀಳದೆ ಇಳಿದು ಬಂದವನು ನಾನು. ಆದರೆ ನಮ್ಮ ದೊಡ್ಡಪ್ಪನ ಮಟ್ಟಿಗೆ ಅದು ಹೀಗೇ ಆಯಿತು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ದೊಡ್ಡಪ್ಪ ಟೈಲರ್. ಹೊಲಿಗೆ ಸುಮಾರು, ದನಿ ಮಾತ್ರ ರಾಜಠೀವಿಯದು. ಭಾನುವಾರ ಚರ್ಚಿನಲ್ಲಿ ಅವರು ಸುವಾರ್ತೆ ಓದಲು ನಿಂತರೆ, ತೂಕಡಿಸಲೆಂದೇ ಬಂದವರೂ ನೆಟ್ಟಗೆ ಕೂರುತ್ತಿದ್ದರು. ಆ ದನಿಯನ್ನು ನಾನು ಕದ್ದು ಕಲಿತಿದ್ದೆ. ಅವರಂತೆಯೇ ಗಂಟಲು ಸರಿಮಾಡಿಕೊಂಡು, "ಅಳತೆ ತಗೊಳ್ಳುವಾಗ ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ಪ್ಯಾಂಟಿಗೆ ಮೋಸ ಮಾಡಬಹುದು, ಊಟಕ್ಕೆ ಮಾಡೋಕಾಗಲ್ಲ" ಎಂದರೆ ದೊಡ್ಡಮ್ಮನೇ ಮೋಸ ಹೋಗುತ್ತಿದ್ದರು.

ಆ ಗಂಟಲಿಗೇ ಹುಣ್ಣಾಯಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲೊಂದು ತೂತು ಉಳಿಯಿತು. ಅದರ ಮೇಲೆ ದೊಡ್ಡಪ್ಪ ತಾವೇ ಹೊಲಿದುಕೊಂಡ ಬಿಳಿ ಬಟ್ಟೆ. ಉಸಿರಾಡಿದರೆ ಸಣ್ಣಗೆ ಶಿಳ್ಳೆ ಬರುತ್ತಿತ್ತು. ಹೇಳಬೇಕಾದದ್ದನ್ನೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಡಿಯ ಮೇಜಿನ ಮೇಲೆ ಬರೆಯುತ್ತಿದ್ದರು. ಆಸ್ಪತ್ರೆಯಿಂದ ಬಂದು ಅವರು ಮೊದಲು ಬರೆದದ್ದು "ಟೀಚರಜ್ಜಿ" ಎಂದು.

ಟೀಚರಜ್ಜಿ ನಮ್ಮ ಬೀದಿಗೆಲ್ಲ ಅಕ್ಷರ ಕಲಿಸಿದವರು. ಹಡಗಿನ ಕೆಲಸಕ್ಕೆ ಹೋಗಿದ್ದ ಒಬ್ಬನೇ ಮಗ ನೀರುಪಾಲಾದ. ಹೆಣವೂ ಸಿಗಲಿಲ್ಲ. ಅಂದೇ ಅವರು ಚರ್ಚಿಗೂ ಪಾದ್ರಿಗೂ ಬಾಗಿಲು ಹಾಕಿದರು. ದೊಡ್ಡಪ್ಪ ಮಾತ್ರ ಪ್ರತಿ ಶನಿವಾರ ಅಂಗಡಿ ಮುಚ್ಚಿ, ಅವರ ಮೂರನೇ ಮಹಡಿಯ ಮನೆಗೆ ಹತ್ತಿ, ಮುಚ್ಚಿದ ಬಾಗಿಲಿನ ಮುಂದೆ ಕೂತು ಸುವಾರ್ತೆ ಓದಿ ಬರುತ್ತಿದ್ದರು. "ಬಾಗಿಲಿಗೆ ಧರ್ಮೋಪದೇಶ ಮಾಡ್ತಾನೆ" ಎಂದು ಬೀದಿ ನಕ್ಕಿತು. ಮರುವರ್ಷ ಬಾಗಿಲು ತೆರೆಯಿತು. ಆಮೇಲೆ ಅಜ್ಜಿಯ ಕಣ್ಣೂ ಹೋದಾಗ ಅವರು ಅಂದಿದ್ದರಂತೆ: "ಮಗನ್ನ ತಗೊಂಡ, ಕಣ್ಣು ತಗೊಂಡ. ನಿನ್ನ ದನಿ ಒಂದು ಬಿಟ್ಟಿದ್ದಾನೆ. ಅದಿರೋವರೆಗೂ ನಾನು ಅವನ ಜೊತೆ ಮಾತು ಬಿಡಲ್ಲ."

ದೊಡ್ಡಪ್ಪ ಮೇಜಿನ ಮೇಲೆ ಬರೆದರು: "ಗೊತ್ತಾದರೆ ದೇವರಿಗೆ ಠೂ ಬಿಡ್ತಾರೆ. ನನ್ನ ದನಿ ನಿನ್ನ ಹತ್ರ ಇದೆ. ಬಾ."

"ಇದು ಮೋಸ ಅಲ್ವಾ ದೊಡ್ಡಪ್ಪ?"

"ಹೌದು" ಎಂದು ಬರೆದು, ತೋಳಿನಿಂದ ಒರೆಸಿದರು.

ಶನಿವಾರ ಅವರು ಎಂದಿನಂತೆ ಅಜ್ಜಿಯ ಬಲಕ್ಕೆ ಮಂಚದ ಮೇಲೆ ಕೂತು ಕೈ ಹಿಡಿದರು. ನಾನು ಎದುರು ಮೂಲೆಯ ಸ್ಟೂಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆ.

"ಚೆನ್ನಾಗಿದ್ದೀರಾ ಟೀಚರ್?"

"ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

"ಮದುವೆ ಸೀಸನ್ನು ಟೀಚರ್, ತಲೆ ಎತ್ತೋಕಾಗಿಲ್ಲ."

ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಏನೋ ಶಿಳ್ಳೆ ಹೊಡೀತಿದೆ. ಕಿಟಕಿ ಹಾಕು" ಎಂದರು. ಕಿಟಕಿ ಮೊದಲೇ ಮುಚ್ಚಿತ್ತು. ನಾನು ಅದನ್ನು ಸದ್ದಿಲ್ಲದೆ ತೆರೆದು, ಸದ್ದಾಗುವಂತೆ ಮುಚ್ಚಿದೆ. ದೊಡ್ಡಪ್ಪ ಉಸಿರು ಬಿಗಿಹಿಡಿದು ಕೂತರು. ದನಿ ಕೊಟ್ಟವರು ಈಗ ಉಸಿರನ್ನೂ ಕೊಡಬೇಕಾಗಿ ಬಂದದ್ದನ್ನು ನೋಡಿ ನನಗೆ ಓದುವುದೇ ಬೇಡವೆನಿಸಿತು. ಆದರೂ ಓದಿದೆ.

ಹೀಗೇ ಶನಿವಾರಗಳು ಕಳೆದವು. ದೊಡ್ಡಪ್ಪ ಸೊರಗುತ್ತಾ ಬಂದರು, ಅವರ ಅಂಗಿಯನ್ನು ಅವರೇ ಹಿಡಿದು ಹೊಲಿದುಕೊಳ್ಳುವಷ್ಟು. ಮೆಟ್ಟಿಲ ತಿರುವಿನಲ್ಲೆಲ್ಲ ಕೂತು ಸುಧಾರಿಸಿಕೊಳ್ಳುತ್ತಿದ್ದರು. "ಈ ವಾರ ನಾನೊಬ್ನೇ ಹೋಗ್ತೀನಿ" ಎಂದರೆ ಬೇಡವೆಂದು ತಲೆಯಾಡಿಸಿ ಮತ್ತೆ ಏಳುತ್ತಿದ್ದರು.

ಒಂದು ಶನಿವಾರ ಓದುತ್ತಿದ್ದ ಪುಟದಲ್ಲೊಂದು ಗುಂಡುಸೂಜಿ ಸಿಕ್ಕಿತು. ಅದರಲ್ಲೇನು ವಿಶೇಷ? ದೊಡ್ಡಪ್ಪನ ಹಾಸಿಗೆಯಲ್ಲೂ ಗುಂಡುಸೂಜಿ ಸಿಗುತ್ತದೆ. ತೆಗೆದೆ. ಕಾಗದದ ಸಣ್ಣ ನೆರಿಗೆಯೊಂದು ಬಿಚ್ಚಿಕೊಂಡಿತು. ಒಳಗಿದ್ದ ಸಾಲುಗಳನ್ನೂ ಸೇರಿಸಿ ಓದಿದೆ. ಯೇಸು ಒಬ್ಬನನ್ನು ಹಿಂದೆ ಬಾ ಎಂದು ಕರೆಯುವ, ಅವನು ಅಪ್ಪನಿಗೆ ಮಣ್ಣು ಕೊಟ್ಟು ಬರುತ್ತೇನೆ ಎನ್ನುವ, ಆ ಕೆಲಸ ಸತ್ತವರಿಗೇ ಬಿಟ್ಟು ನೀನು ನಡೆ ಎಂಬ ಉತ್ತರ ಬರುವ ಭಾಗ.

ದೊಡ್ಡಪ್ಪ ನೆಲಕ್ಕೆ ಕಾಲು ಅಪ್ಪಳಿಸಿದರು. ತಡವಾಗಿತ್ತು. ಮಗನಿಗೆ ಮಣ್ಣು ಕೊಡಲಾಗದ ತಾಯಿಗೆ ಚುಚ್ಚಬಾರದೆಂದು, ಉದ್ದನೆ ಲಂಗಕ್ಕೆ ಟಕ್ಕು ಹಿಡಿದಂತೆ, ಇಷ್ಟು ವರ್ಷ ಅವರು ಆ ಸಾಲುಗಳನ್ನು ಮಡಚಿಟ್ಟಿದ್ದರು.

ಅಜ್ಜಿ ಅಲುಗಲಿಲ್ಲ. "ಇನ್ನೊಂದ್ಸಲ ಓದು" ಎಂದರು.

ಓದಿದೆ. ದೊಡ್ಡಪ್ಪನ ದನಿ ನಡುವೆಯೇ ಒಡೆದು ನನ್ನದಾಯಿತು.

"ಹ್ಞಾಂ, ನಿನ್ನ ದನೀಲೇ ಓದು, ಕತ್ತೆ ಥರ ಇದ್ರೂ ಪರವಾಗಿಲ್ಲ" ಎಂದರು ಅಜ್ಜಿ. "ಈ ಸಾಲು ಬಂದಾಗೆಲ್ಲ ಟೈಲರ್ ಎಂಜಲು ನುಂಗಿ ಹಾರಿಬಿಡ್ತಿದ್ದ. ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸಿದ ಸಾಲು, ನನಗೇ ಗೊತ್ತಾಗಲ್ವಾ? ಯಾವತ್ತಾದ್ರೂ ಓದ್ತಾನೇನೋ ಅಂತ ಕಾಯ್ತಿದ್ದೆ. ಮಣ್ಣು ಕೊಡೋಕಾಗದೆ ನಾನು ಅಲ್ಲೇ ನಿಂತುಬಿಟ್ಟಿದ್ದೆ ಕಣೋ. ಅಂಥವರಿಗೂ ನಡಿ ಅಂತಾನಲ್ಲ. ನನಗೆ ಅದು ಬೇಕಿತ್ತು."

ದೊಡ್ಡಪ್ಪನ ಭುಜ ಅದುರುತ್ತಿತ್ತು. ಅವರ ಅಳುವಿಗೆ ಈಗ ಶಿಳ್ಳೆಯಷ್ಟೇ ಸದ್ದು.

ನಾನು ಕೇಳಿದೆ: "ದನಿ ನಂದು ಅಂತ ಯಾವಾಗ ಗೊತ್ತಾಯ್ತು ಅಜ್ಜಿ?"

"ಮೊದಲನೇ ದಿನವೇ. ಟೈಲರ್ ಇಲ್ಲಿ ನನ್ನ ಕೈ ಹಿಡ್ಕೊಂಡು ಕೂತಿದ್ದಾನೆ, ಅವನ ದನಿ ಆ ಮೂಲೆಯಿಂದ ಬರ್ತಿದೆ! ಕಣ್ಣು ಹೋಗಿರೋದು ಕಣೋ ಪೆದ್ದೇ, ಕಿವಿ ಅಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

ಅಜ್ಜಿ ದೊಡ್ಡಪ್ಪನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದರು. "ಓದೋಕೆ ಆಗದವನು ಮೂರು ಮಹಡಿ ಹತ್ತಿ ಬರ್ತಿದ್ದಾನೆ. ಬೇಡ ಅನ್ನೋಕೆ ನಾನ್ಯಾರು? ದೇವರಿಗೆ ಠೂ ಬಿಡೋಣ ಅಂತ ಆ ದಿನ ಅನ್ನಿಸಿದ್ದು ನಿಜ. ಆದ್ರೆ ಇವನು ಕೈ ಬಿಟ್ಟರೆ ತಾನೇ!"

ಶಿಳ್ಳೆ ಮಾತ್ರ ಕೇಳುತ್ತಿತ್ತು. ಅಜ್ಜಿಯ ತುಟಿ ಓರೆಯಾಯಿತು.

"ಲೋ, ಕಿಟಕಿ ಹಾಕೋ" ಎಂದರು. "ಆವತ್ತು ಮುಚ್ಚಿದ್ದ ಕಿಟಕೀನ ತೆರೆದು ಮುಚ್ಚಿದೆಯಲ್ಲ, ಹಾಗೆ!"

ನಾನು ಕಣ್ಣೊರೆಸಿಕೊಂಡು ನಕ್ಕೆ. ದೊಡ್ಡಪ್ಪ ಕುತ್ತಿಗೆಯ ಬಟ್ಟೆ ಹಾರುವಂತೆ ನಕ್ಕರು. ಆದರೆ ಮೂರು ಮಹಡಿಗೂ ಕೇಳುವಂತೆ ನಕ್ಕದ್ದು ಟೀಚರಜ್ಜಿಯೇ.