ಏನಾಗಬೇಕು

"ಮೇಲಿದೆಯೋ ಕೆಳಗಿದೆಯೋ, ಅಷ್ಟು ಹೇಳು ಸಾಕು," ಎಂದರು ಮೇಡಂ.

ಚಿಕ್ಕಮ್ಮ ಭೂತಗನ್ನಡಿಯ ಮೇಲೆ ಇನ್ನಷ್ಟು ಬಾಗಿದಳು. ಅವಳು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಯಾರೋ ಕಿತ್ತು, ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿಟ್ಟ ಹೂವು ಅದು. ಕುದಿನೀರಿನಲ್ಲಿ ನೆನೆದು ಮೆತ್ತಗಾಗಿ, ಬಟ್ಟಲಿನಲ್ಲಿ ಆರೂ ದಳ ಬಿಚ್ಚಿಕೊಂಡು ಕೂತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದೂ ಆಗಿತ್ತು. ಇನ್ನು ನೋಡಬೇಕಾದದ್ದು ಒಂದೇ: ಬೀಜ ಕಟ್ಟುವ ಅಂಡಾಶಯ ದಳಗಳ ಬುಡಕ್ಕಿಂತ ಮೇಲೆ ಕೂತಿದೆಯೋ, ಕೆಳಗೆ ತೊಟ್ಟಿನಲ್ಲಿ ಹೂತುಕೊಂಡಿದೆಯೋ. ಮೇಲಿದ್ದರೆ ಲಿಲ್ಲಿಗಳ ಬೀರು, ಕೆಳಗಿದ್ದರೆ ಪಕ್ಕದ ಬೀರು.

ಚಿಕ್ಕಮ್ಮ ಎಂಬುದು ಅವಳ ಹೆಸರೇನಲ್ಲ. ಅಕ್ಕನ ಮಗಳು ಪುಟ್ಟಿ ಹಾಗೆ ಕರೆಯುತ್ತಾಳೆ. ಒಮ್ಮೆ ಶಾಲೆಗೆ ರಜೆಯೆಂದು ಪುಟ್ಟಿಯನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದಳು. ಆ ಹುಡುಗಿ ದಿನವಿಡೀ ಬೀರುಗಳ ಸಂದಿಯಲ್ಲಿ "ಚಿಕ್ಕಮ್ಮಾ, ಚಿಕ್ಕಮ್ಮಾ" ಎಂದು ಕೂಗಾಡಿದ್ದೇ ತಡ, ಸಸ್ಯ ಸಂಗ್ರಹಾಲಯದವರೆಲ್ಲರಿಗೂ ಅವಳು ಚಿಕ್ಕಮ್ಮನಾದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮೇಡಂ ಕೂಡ ಹಾಗೇ ಕರೆಯುತ್ತಿದ್ದರು.

"ಮೇಲಿದೆ ಮೇಡಂ," ಎಂದಳು. ತಕ್ಷಣವೇ, "ಇಲ್ಲ, ಕೆಳಗೂ ಇದೆ."

"ಇದೇನಮ್ಮಾ, ನಂಗೆ ಒಗಟು ಹೇಳ್ತಿದ್ದೀಯಾ? ಸರಿ, ಜರುಗು."

ಮೇಡಂ ಕನ್ನಡಕವನ್ನು ಹಣೆಗೇರಿಸಿ ನೋಡಿದರು. ನೋಡುತ್ತಲೇ ಇದ್ದರು. ಹೊರಗೆ ಕೂಲಿಯವರು ಬೀರುಗಳಿಗೆ ಹಗ್ಗ ಸುತ್ತುವ ಸದ್ದು ಕೇಳುತ್ತಿತ್ತು. ಸಂಗ್ರಹಾಲಯ ಇಬ್ಭಾಗವಾಗುತ್ತಿತ್ತು. ಲಿಲ್ಲಿಗಳೂ ಅವುಗಳ ಬಂಧುಬಳಗವೂ ನಾಳೆ ಲಾರಿ ಹತ್ತಿ ದೂರದ ಊರಿನ ಹೊಸ ಕಟ್ಟಡಕ್ಕೆ ಹೋಗಲಿದ್ದವು. ಉಳಿದವು ಇಲ್ಲೇ. ಮೇಡಂ ಲಿಲ್ಲಿಗಳ ಜೊತೆ ಹೋಗುವವರು. ಚಿಕ್ಕಮ್ಮನನ್ನೂ ಕರೆದಿದ್ದರು. ಅಲ್ಲಿ ಕೆಲಸ ಕಾಯಂ, ಇರಲು ಕೋಣೆ ಬೇರೆ. ಬರುತ್ತೀಯೋ ಇಲ್ಲವೋ ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು.

ಹೋಗುವ ಮನಸ್ಸು ಅವಳಿಗಿರಲಿಲ್ಲ. ಆದರೆ ಇರು ಎಂದು ಯಾರೂ ಅಂದಿರಲಿಲ್ಲ. ಭಾವನಿಗೆ, ಅಂದರೆ ಪುಟ್ಟಿಯ ಅಪ್ಪನಿಗೆ, ವಿಷಯ ತಿಳಿಸಿದ ದಿನ ಅವರು ತಟ್ಟೆಯಿಂದ ತಲೆ ಎತ್ತದೆ, "ನಿನ್ನಿಷ್ಟ," ಎಂದಿದ್ದರು. ಆ ಮಾತಿಗೆ ಏನರ್ಥ? ಹೋದರೂ ಸರಿ ಎಂದೇ, ಹೋಗಬೇಡ ಎನ್ನಲು ನಾನ್ಯಾರು ಎಂದೇ? ಅದನ್ನು ಇನ್ನೂ ಜೀರ್ಣಿಸಿಕೊಂಡಿರಲಿಲ್ಲ, ಅಷ್ಟರಲ್ಲಿ ನಿನ್ನೆ ದರ್ಜಿಯ ಅಂಗಡಿಯ ಪ್ರಸಂಗ ನಡೆದು, ಇದ್ದ ಗೊಂದಲಕ್ಕೆ ಇನ್ನೊಂದು ಗಂಟು ಬಿದ್ದಿತ್ತು.

ಪುಟ್ಟಿಗೆ ಫ್ರಾಕ್ ಹೊಲಿಸಲು ಮೂವರೂ ಹೋಗಿದ್ದರು. ದರ್ಜಿ ಹೊಸಬ. ಕೊರಳಿಗೆ ಟೇಪು ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು. ಒಳಗೆ ಎರಡು ಹೊಲಿಗೆ ಮೆಷಿನ್ನುಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ಓಡುತ್ತಿದ್ದವು. ಪುಟ್ಟಿಯ ತೋಳಿನ ಅಳತೆ ತೆಗೆಯುತ್ತಾ ಅವನು ಚಿಕ್ಕಮ್ಮನ ಕಡೆ ಗದ್ದ ಚಾಚಿ ಭಾವನನ್ನು ಕೇಳಿದ್ದ:

"ಇವ್ರು ನಿಮ್ಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ," ಎಂದಿದ್ದರು ಭಾವ.

ಅಷ್ಟೇ. ದರ್ಜಿ ಹುಬ್ಬು ಏರಿಸಿ, ಸೊಂಟದ ಅಳತೆಗೆ ಇಳಿದ. ಚಿಕ್ಕಮ್ಮ ಗೋಡೆಗೆ ತೂಗುಹಾಕಿದ್ದ, ಇನ್ನೂ ಗುಂಡಿ-ಕಾಜ ಹಾಕದ ಕೋಟೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತಳು. ಅಕ್ಕ ಸತ್ತ ಮೇಲೆ ಮೂರು ವರ್ಷದಿಂದ ಅದೇ ಮನೆಯಲ್ಲಿ ಅಡುಗೆ ಮಾಡಿ, ಮಗುವಿನ ಜ್ವರ ನೋಡಿ, ಇವರ ಹಿಟ್ಟು ಮೆತ್ತಿದ ಅಂಗಿ ಒಗೆದು, ಕೊನೆಗೆ ಏನೂ ಅಲ್ಲವೇ? ನಾದಿನಿ ಎನ್ನಬಹುದಿತ್ತಲ್ಲ. ಎಂಥ ಸಲೀಸಾದ ಮಾತು! ಅವಳಿಗೆ ನೋವಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮನೆಗೆ ಬಂದು ಹಾಸಿಗೆ ಹಾಸುವಾಗ ಬೇರೊಂದು ಹೊಳೆಯಿತು. ಭಾವ ಹಿಟ್ಟಿನ ಗಿರಣಿಯಲ್ಲಿ ಮೆಷಿನ್ ನೋಡಿಕೊಳ್ಳುವವರು. ಅಲ್ಲಿನ ಗದ್ದಲಕ್ಕೆ ಅವರ ಎಡಗಿವಿ ಮಂದವಾಗಿ ವರ್ಷಗಳೇ ಆಗಿದ್ದವು. ದರ್ಜಿ ಕೇಳಿದ್ದು "ಇವ್ರು ನಿಮ್ಗೇನಾಗ್ಬೇಕು" ಎಂದು. ಬಾಯಲ್ಲಿ ಗುಂಡುಸೂಜಿ, ಪಕ್ಕದಲ್ಲಿ ಮೆಷಿನ್ನು. ಭಾವನಿಗೆ ಅದು "ಇವ್ರಿಗೇನಾಗ್ಬೇಕು" ಎಂದು ಕೇಳಿಸಿರಬಾರದೇಕೆ? ಇವರಿಗೂ ಏನಾದರೂ ಹೊಲಿಯಬೇಕೇ ಎಂದು? ಹಾಗಿದ್ದರೆ ಏನೂ ಆಗಬೇಕಾಗಿಲ್ಲ ಎಂದದ್ದು ಸರಿಯಾಗೇ ಇತ್ತು. ಅವಳಿಗೆ ಹೊಲಿಸುವಂಥದ್ದೇನೂ ಇರಲಿಲ್ಲ.

ಆದರೆ ದರ್ಜಿ ನಿಂತಿದ್ದು ಯಾವ ಕಡೆ? ಎಡಕ್ಕೋ ಬಲಕ್ಕೋ? ಆ ಅಂಗಡಿಯನ್ನು ಮನಸ್ಸಿನಲ್ಲೇ ಕಟ್ಟಿ ಎಲ್ಲರನ್ನೂ ನಿಲ್ಲಿಸಿ ನೋಡಿದಳು. ಒಮ್ಮೆ ದರ್ಜಿ ಎಡಕ್ಕೆ ಬಂದ, ಇನ್ನೊಮ್ಮೆ ಬಲಕ್ಕೆ ಬಂದ. ಕನ್ನಡಿ ಬೇರೆ ಇದ್ದುದರಿಂದ ತಲೆ ಪೂರ್ತಿ ಕೆಟ್ಟಿತು. ಇನ್ನೂ ಒಂದು ಸಾಧ್ಯತೆ ಇತ್ತು. ಸರಿಯಾಗಿಯೇ ಕೇಳಿಸಿ, ನಾದಿನಿ ಎನ್ನಲು ಅವರಿಗೆ ಬಾಯಿ ಬಾರದೇ ಹೋಗಿರಬಹುದು. ಯಾಕೆ ಬರಲಿಲ್ಲ ಎಂಬಲ್ಲಿಗೆ ಬಂದಾಗ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಿದ್ದಳು. ಥೂ, ಎಂದು ಮಗ್ಗುಲು ಬದಲಿಸಿದ್ದಳು.

"ಅರ್ಧ ಹೂತಿದೆ," ಎಂದರು ಮೇಡಂ, ಕನ್ನಡಕ ಇಳಿಸುತ್ತಾ. "ನೀನು ಹೇಳಿದ್ದೇ ಸರಿ. ಅರ್ಧ ಮೇಲೆ, ಅರ್ಧ ಕೆಳಗೆ. ಇವುಗಳ ಹಣೆಬರಹವೇ ಇಷ್ಟು ನೋಡು."

ಮೇಜಿನ ಮೇಲೆ ಅದೇ ಗುಂಪಿನ ಬೇರೆ ಹಾಳೆಗಳೂ ಹರಡಿಕೊಂಡಿದ್ದವು. ನೀಲಿಯಿದ್ದ ಹೂವುಗಳೆಲ್ಲ ಒಣಗಿ ಚಹಾದ ಬಣ್ಣಕ್ಕೆ ತಿರುಗಿದ್ದವು. ಒಂದೊಂದು ಹಾಳೆಯ ಮೂಲೆಯಲ್ಲೂ ಹೆಸರಿನ ಚೀಟಿಗಳು ಒಂದರ ಮೇಲೊಂದು. ಹಿಂದಿನವರು ಇದನ್ನು ಲಿಲ್ಲಿ ಎಂದಿದ್ದರು. ಅವರ ನಂತರದವರು ಅಲ್ಲ ಎಂದು ಮೇಲೊಂದು ಚೀಟಿ ಅಂಟಿಸಿದ್ದರು. ಅದರ ಮೇಲೆ ಮತ್ತೊಬ್ಬರದು. ಗೆಡ್ಡೆ ನೋಡಿದರೆ ಥೇಟು ಈರುಳ್ಳಿ, ಮೇಲೆ ನಾರಿನ ಬಲೆಯ ಹೊದಿಕೆ. ಈರುಳ್ಳಿಯೆಂದು ಬಿಡಿಸಹೋದರೆ ಪದರವೇ ಇಲ್ಲ, ಒಳಗೆಲ್ಲ ಗಟ್ಟಿ. ಪರಾಗದ ಚೀಲವೂ ಎಲ್ಲರಂತೆ ಉದ್ದಕ್ಕೆ ಬಿರಿಯದೆ, ಉಪ್ಪಿನ ಡಬ್ಬಿಯ ಹಾಗೆ ತುದಿಯಲ್ಲೊಂದು ತೂತು ಮಾಡಿಕೊಂಡು ಉದುರಿಸುತ್ತದೆ.

"ಮತ್ತೆ ಇವು ಯಾರ ಕಡೆಯವು ಮೇಡಂ?"

"ಯಾರ ಕಡೆಯವೂ ಅಲ್ಲ ಅಂತ ಆದ್ಮೇಲೆ ಇವಕ್ಕೇ ಒಂದು ಸಣ್ಣ ಕುಟುಂಬ ಅಂತ ಮಾಡಿದ್ರು. ಒಂದು ಆ ಖಂಡದ್ದು, ಒಂದು ಈ ಖಂಡದ್ದು. ಯಾರ ಮನೆಗೂ ಸೇರದವೆಲ್ಲ ಕೂಡಿ ಒಂದು ಮನೆ. ಅದನ್ನೂ ಒಪ್ಪದವರು ಇದ್ರು ಅನ್ನು." ಮೇಡಂ ಸೀಳಿದ ಹೂವನ್ನು ಚಿಕ್ಕ ಕಾಗದದ ಪೊಟ್ಟಣಕ್ಕೆ ಹಾಕಿ ಮಡಚಿದರು. "ಆದ್ರೆ ನಂಗೆ ಈಗ ಬೇಕಾಗಿರೋದು ಶಾಸ್ತ್ರ ಅಲ್ಲ, ಬೀರು. ಸಣ್ಣ ಕುಟುಂಬಕ್ಕೆ ಅಂತ ಯಾರೂ ಬೀರು ಕೊಟ್ಟಿಲ್ಲ. ಲಾರಿಗೆ ಹಾಕ್ಲೋ, ಇಲ್ಲೇ ಬಿಡ್ಲೋ?"

ಚಿಕ್ಕಮ್ಮ ಹಾಳೆಗಳ ಅಂಚು ಸರಿಪಡಿಸಿದಳು. ಸರಿಯಾಗಿದ್ದವನ್ನೇ ಮತ್ತೆ ಸರಿಪಡಿಸಿದಳು. ಕೊನೆಗೆ ಧೈರ್ಯ ಮಾಡಿ, "ಮೇಡಂ, ಒಬ್ರು ಏನೋ ಅಂದ್ರು ಅಂತಿಟ್ಕೊಳ್ಳಿ. ಯಾವ ಅರ್ಥದಲ್ಲಿ ಅಂದ್ರು ಅಂತ ತಿಳಿಯೋದು ಹೇಗೆ?" ಎಂದಳು.

"ಯಾವ ಪುಸ್ತಕದಲ್ಲಿ?"

"ಪುಸ್ತಕದಲ್ಲಲ್ಲ. ಬಾಯಲ್ಲಿ."

"ಬದುಕಿದ್ದಾರಾ?"

"ಇದ್ದಾರೆ."

"ಹಾಗಾದ್ರೆ ಕೇಳಮ್ಮ! ಸತ್ತವರು ಏನಂದಿರಬಹುದು ಅಂತ ತಲೆ ಕೆಡಿಸ್ಕೊಂಡೇ ನನ್ನ ಕೂದಲು ಹಣ್ಣಾಯ್ತು. ಬದುಕಿರೋರ ವಿಷಯಕ್ಕೂ ಭೂತಗನ್ನಡಿ ಹಿಡೀತಾರಾ?" ಮೇಡಂ ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ಬಿಟ್ಟರು. "ಇವತ್ತಿಗೆ ಇವು ಮೇಜಿನ ಮೇಲೇ ಇರ್ಲಿ. ಬೆಳಿಗ್ಗೆ ಲಾರಿ ಬಂದಾಗ ನೀನೇ ಹೇಳು. ಇವುಗಳದ್ದೂ, ನಿಂದೂ."

ಸಂಜೆ ಮನೆಯ ಬಾಗಿಲಲ್ಲೇ ಪುಟ್ಟಿ ಕಾದಿದ್ದಳು. ಶಾಲೆಯಲ್ಲಿ ಅವಳ ಗೆಳತಿ ದೊಡ್ಡದೊಂದು ವಿಚಾರ ಹೊರಗೆಡವಿದ್ದಳಂತೆ.

"ಚಿಕ್ಕಮ್ಮಂದಿರು ಎರಡು ಥರ ಇರ್ತಾರಂತೆ. ಗೊತ್ತಾ ನಿಂಗೆ?"

"ಗೊತ್ತಿಲ್ಲಮ್ಮ. ಚಪ್ಪಲಿ ಬಿಡೋಕೆ ಜಾಗ ಕೊಡು."

"ಒಂದು ಥರದವರು ಅಮ್ಮನ ತಂಗಿ. ಇನ್ನೊಂದು ಥರದವರು ಅಮ್ಮ ಸತ್ತುಹೋದ್ಮೇಲೆ ಮನೆಗೆ ಬರ್ತಾರಲ್ಲ, ಅವ್ರು. ನೀನು ಯಾವ ಥರ?"

ಚಿಕ್ಕಮ್ಮ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಹಾಕಿಕೊಂಡೇ ನಿಂತಳು. ಅಮ್ಮನ ತಂಗಿಯೂ ಹೌದು. ಅಮ್ಮ ಸತ್ತ ಮೇಲೆ ಮನೆಗೆ ಬಂದದ್ದೂ ಹೌದು. "ನೀನೇನಂದೆ ಅವಳಿಗೆ?"

"ನಮ್ಮ ಚಿಕ್ಕಮ್ಮ ಸುಮ್ನೆ ಚಿಕ್ಕಮ್ಮ ಅಂದೆ," ಎಂದು ಪುಟ್ಟಿ ಭುಜ ಹಾರಿಸಿ ಆಡಲು ಓಡಿಹೋದಳು.

ಭಾವ ಬಂದಾಗ ಇನ್ನೂ ಬೆಳಕಿತ್ತು. ಹುಬ್ಬಿಗೆ, ಕಿವಿಗೆ, ಅಂಗಿಯ ಕಾಲರಿಗೆ ಹಿಟ್ಟು. ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟರು. "ಫ್ರಾಕ್ ಆಗ್ಲೇ ಹೊಲಿದುಬಿಟ್ಟಿದ್ದಾನೆ. ಚುರುಕಿನ ಮನುಷ್ಯ," ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ದಿನಾ ಅವರು ಕೂರುವುದು ಅಲ್ಲೇ. ಚಹಾ ಕುಡಿಯುವವರೆಗೆ ಮಾತಾಡುವುದಿಲ್ಲ. ಅಕ್ಕ ಇದ್ದ ಕಾಲದಲ್ಲಿ ಚಿಕ್ಕಮ್ಮನನ್ನು ಬಾಲಂಗೋಚಿ ಎಂದು ಕರೆದು ರೇಗಿಸುತ್ತಿದ್ದವರು. ಅಕ್ಕ ಹೋದ ಮೇಲೆ ಅವಳನ್ನು ಏನೆಂದೂ ಕರೆದಿರಲಿಲ್ಲ.

ಚಿಕ್ಕಮ್ಮ ಒಲೆಯ ಮೇಲೆ ನೀರಿಟ್ಟಳು. ಬೆನ್ನು ಹಾಕಿ ನಿಂತೇ, ದನಿ ಎತ್ತರಿಸಿ ಕೇಳಿದಳು:

"ನಿನ್ನೆ ದರ್ಜಿ ನಿಮ್ಮನ್ನ ಏನೋ ಕೇಳಿದ್ನಲ್ಲ. ಏನು ಕೇಳಿದ್ದು?"

"ಯಾವಾಗ?"

"ಪುಟ್ಟಿ ತೋಳಿನ ಅಳತೆ ತಗೊಳ್ಳುವಾಗ."

ಭಾವ ನೆನಪು ಮಾಡಿಕೊಂಡರು. "ಓ, ಅದಾ? ನಿಂಗೂ ಏನಾದ್ರೂ ಹೊಲೀಬೇಕಾ ಅಂದ. ಏನೂ ಆಗ್ಬೇಕಾಗಿಲ್ಲ ಅಂದೆ." ಆಮೇಲೆ ಗಾಬರಿಯಿಂದ, "ಯಾಕೆ, ಹೊಲಿಸ್ಬೇಕಿತ್ತಾ?"

ಅವಳಿಗೆ ನಗು ಬಂತು. ಇಷ್ಟಕ್ಕೇ ರಾತ್ರಿಯೆಲ್ಲ ನಿದ್ದೆಗೆಟ್ಟದ್ದು! ಮೈ ಹಗುರಾಯಿತು, ಸಕ್ಕರೆ ಡಬ್ಬಿ ತೆಗೆದಳು. ತೆಗೆದವಳು ಹಾಗೇ ನಿಂತಳು. ಅವರು ಪ್ರಶ್ನೆಯನ್ನೇ ಕೇಳಿಸಿಕೊಂಡಿಲ್ಲ ಎಂದಮೇಲೆ, ಉತ್ತರವನ್ನೂ ಕೊಟ್ಟಿಲ್ಲ. ಇಲ್ಲದ ಉತ್ತರದ ಅರ್ಥವನ್ನು ಅವಳು ಒಂದು ಹಗಲು ಒಂದು ರಾತ್ರಿ ಹುಡುಕಿದ್ದಳು. ಪ್ರಶ್ನೆ ದರ್ಜಿಯ ಅಂಗಡಿಯಲ್ಲಿ ಬಿದ್ದಲ್ಲೇ ಬಿದ್ದಿತ್ತು. ಬೆಳಿಗ್ಗೆಯಾದರೆ ಲಾರಿ.

"ಅವನು ಕೇಳಿದ್ದು ಅದಲ್ಲ," ಎಂದಳು. "ನಾನು ನಿಮಗೇನಾಗ್ಬೇಕು ಅಂತ ಕೇಳಿದ್ದು."

ಭಾವ ಹುಬ್ಬಿನ ಹಿಟ್ಟು ಒರೆಸಿಕೊಳ್ಳಲು ಎತ್ತಿದ ಕೈ ಅಲ್ಲೇ ನಿಂತಿತು. ಪಾತ್ರೆಯ ತಳದಲ್ಲಿ ನೀರು ಸಣ್ಣಗೆ ಸದ್ದು ಮಾಡತೊಡಗಿತು.

"ಅವನಿಗೆ ನಾನು ಅಂದಿದ್ದು..."

"ಏನೂ ಆಗ್ಬೇಕಾಗಿಲ್ಲ ಅಂದಿದ್ದು."

"ಅಯ್ಯೋ," ಎಂದರು ಭಾವ. ಮುಖ ಕೆಂಪಾಯಿತು, ಹಿಟ್ಟಿನಿಂದಾಗಿ ಇನ್ನೂ ಎದ್ದು ಕಾಣಿಸಿತು. "ಅದಕ್ಕೇ ಇವತ್ತು ಅವನು ನನ್ನ ಮುಖ ನೋಡಿ ಒಂಥರಾ ನಕ್ಕಿದ್ದು."

"ನಾದಿನಿ ಅನ್ಬೇಕಿತ್ತು."

"ಹೌದು. ಅನ್ಬೇಕಿತ್ತು." ಸ್ಟೂಲಿನಲ್ಲೇ ಜರುಗಿ ಕೂತು, "ಸರಿಯಾಗಿ ಕೇಳಿಸಿದ್ರೂ ಅಂತಿದ್ನೋ ಇಲ್ವೋ. ಗೊತ್ತಿಲ್ಲ," ಎಂದರು.

ಅವಳು ತಿರುಗಲಿಲ್ಲ. ಚಹಾಪುಡಿಯನ್ನು ಚಮಚದಲ್ಲಿ ಅಳೆದು, ಮತ್ತೆ ಡಬ್ಬಿಗೇ ಸುರಿದಳು. "ಬೆಳಿಗ್ಗೆ ಮೇಡಂಗೆ ಹೇಳ್ಬೇಕು," ಎಂದಳು. "ನಿನ್ನಿಷ್ಟ ಅಂದ್ರಿ ನೀವು. ನಿಮ್ಮಿಷ್ಟ ಏನು ಅಂತ ನಂಗೆ ಗೊತ್ತಾಗ್ಲಿಲ್ಲ."

ಭಾವ ಅಂಗೈಯ ಹಿಟ್ಟನ್ನು ಮೊಣಕಾಲಿಗೆ ಒರೆಸಿದರು. ಮೊಣಕಾಲ ಮೇಲೂ ಹಿಟ್ಟೇ ಇದ್ದುದರಿಂದ ಅಂಗೈ ಇನ್ನೂ ಬೆಳ್ಳಗಾಯಿತು. "ನಾನು ಬೇಡ ಅಂದ್ರೆ ನಿನ್ನ ಕೆಲಸಕ್ಕೆ ಕಲ್ಲು ಹಾಕ್ದಂಗೆ. ಹೋಗು ಅಂದ್ರೆ... ಹೋಗು ಅನ್ನೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಹಾಗಂದೆ." ಆಮೇಲೆ, ತಮ್ಮನ್ನೇ ಕೇಳಿಕೊಳ್ಳುವವರಂತೆ ನಿಧಾನವಾಗಿ, "ಎಲ್ಲರೂ ನನ್ನೇ ಕೇಳಿದ್ರೆ? ನೀನೇ ಹೇಳು. ನಾನು ನಿಂಗೇನಾಗ್ಬೇಕು?"

ಹೊರಗೆ ಪುಟ್ಟಿ ಯಾರೊಂದಿಗೋ ಜಗಳ ಕಾಯುತ್ತಿದ್ದಳು. ಭಾವ ಎಂಬ ಮಾತು ಚಿಕ್ಕಮ್ಮನ ನಾಲಿಗೆಯ ತುದಿಗೆ ಬಂತು. ಚಿಕ್ಕಂದಿನಿಂದ ಕರೆದು ಸವೆದ ಮಾತು, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೂ ಹೌದು. ಅದನ್ನು ನುಂಗಿಕೊಂಡಳು. ನುಂಗಿಕೊಂಡು, ಬೇರೊಂದು ಮಾತು ಹೇಳಿದಳು, ಭಾವ ಎಂಬುದಕ್ಕಿಂತ ಹತ್ತಿರದ, ಚಿಕ್ಕ ಮಾತು, ತನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಹೇಳಿದ ಮೇಲೆ ಗೊತ್ತಾಯಿತು, ನಿಂತದ್ದು ಅವರ ಎಡಗಡೆಗೆ.

"ಏನಂದೆ?" ಎಂದರು ಭಾವ.

ನೀರು ಮರಳಿ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಅವರು ಎದ್ದು ಬಂದು ಒಲೆ ಆರಿಸಿದರು. ಮುಚ್ಚಳ ಸುಮ್ಮನಾಯಿತು. ಆಮೇಲೆ ತಿರುಗಿ, ಬಲಗಿವಿಯನ್ನು ಅವಳ ಕಡೆ ಮಾಡಿ, ನೆಲ ನೋಡುತ್ತಾ ನಿಂತರು. ಕಿವಿಯ ಸುರುಳಿಯಲ್ಲಿ ಹಿಟ್ಟು ಹಾಗೇ ಇತ್ತು.